ಐದು ಗುಂಡಿನ ನೆಸ್ಟರ್

ಕಲಿನಾದಲ್ಲಿ ಕೋವಿ ಇಲ್ಲದ ಮನೆ ಇರಲಿಲ್ಲ. ನೆಸ್ಟರ್ ಹಾಲಿಕನ ಬಾಯಿಗೆ ಒಮ್ಮೆಯಾದರೂ ಸಿಗದ ಗಂಡಸೂ ಇರಲಿಲ್ಲ. ಸಸ್ಕಾಚೆವಾನಿನ ಗೋಧಿ ಹೊಲಗಳು ಮುಗಿದು ಕಾಡು ತೊಡಗುವ ಆ ಅಂಚಿನಲ್ಲಿ ಅವನು ಮೂವತ್ತು ವರ್ಷ ಕೋವಿ ರಿಪೇರಿ ಮಾಡಿದ. ಮುರಿದದ್ದನ್ನು ಜೋಡಿಸಿ ಕೊಡುತ್ತಿದ್ದ, ಮುರಿದವನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಬಯ್ಯುತ್ತಿದ್ದ. ಎರಡಕ್ಕೂ ಸೇರಿಸಿಯೇ ಕೂಲಿ ತಗೊಳ್ಳುತ್ತಾನೆ ಎಂದು ಜನ ನಗುತ್ತಿದ್ದರು.

ಅವನಿಗೆ ಅಡ್ಡಹೆಸರು ಬಂದದ್ದು ಕಾನೂನಿನಿಂದ. ತೊಂಬತ್ತರ ದಶಕದ ಆರಂಭದಲ್ಲಿ ಸರಕಾರ ಹೊಸ ನಿಯಮ ತಂದಿತು. ಪ್ರತಿ ಸಲ ಬೋಲ್ಟ್ ಎಳೆದು ಹೊಡೆಯುವ ರೈಫಲಿಗೆ ತೊಂದರೆ ಇಲ್ಲ, ಅದರ ಮ್ಯಾಗಜೀನಿನಲ್ಲಿ, ಅಂದರೆ ಗುಂಡು ತುಂಬಿ ಸಿಕ್ಕಿಸುವ ಡಬ್ಬಿಯಲ್ಲಿ, ಎಷ್ಟು ಹಿಡಿಸಿದರೂ ಸರಿ. ಆದರೆ ಒಂದು ಹೊಡೆದ ಕೂಡಲೇ ಮುಂದಿನದನ್ನು ತಾನೇ ಏರಿಸಿಕೊಳ್ಳುವ ದೊಡ್ಡ ಗುಂಡಿನ ರೈಫಲ್ ಆದರೆ ಐದೇ. ಊರಿನವರೆಲ್ಲ ತಮ್ಮ ಮ್ಯಾಗಜೀನುಗಳನ್ನು ಹಿಟ್ಟಿನ ಚೀಲಗಳಲ್ಲಿ ತುಂಬಿಕೊಂಡು ನೆಸ್ಟರನ ಅಂಗಡಿಗೆ ಬಂದರು. ಅವನು ಒಂದೊಂದಕ್ಕೂ ತೂತು ಕೊರೆದು, ಆರನೆಯ ಗುಂಡು ಕೆಳಗಿಳಿಯದ ಹಾಗೆ ಒಂದು ರಿವೆಟ್ ಮೊಳೆ ಬಡಿದು ಕೊಟ್ಟ. ಬಡಿದ ಮೇಲೆ ಐದು ಗುಂಡು ತುಂಬಿ, ಆರನೆಯದನ್ನು ಹೆಬ್ಬೆರಳಿನಿಂದ ಮೈಭಾರ ಬಿಟ್ಟು ಒತ್ತಿ ನೋಡುತ್ತಿದ್ದ. ಅದು ಹೋಗದಿದ್ದರೆ ಮಾತ್ರ ಮುಖದಲ್ಲಿ ಒಂದಿಷ್ಟು ಸಮಾಧಾನ. ಅಂದಿನಿಂದ ಅವನು ಐದು ಗುಂಡಿನ ನೆಸ್ಟರ್.

ಭಾನುವಾರ ಅದೇ ಮನುಷ್ಯ ಉಕ್ರೇನಿಯರ ಇಗರ್ಜಿಯ ಬೀಗ ತೆಗೆಯುತ್ತಿದ್ದ, ಗಂಟೆ ಬಾರಿಸುತ್ತಿದ್ದ, ಹಾಡುಗಾರರ ಮುಂದೆ ನಿಂತು ಗಟ್ಟಿ ದನಿಯಲ್ಲಿ ಹಾಡುತ್ತಿದ್ದ. ಹಾಡು ತಪ್ಪಿದವರನ್ನು ಪೂಜೆಯ ನಡುವೆಯೇ ತಿರುಗಿ ನೋಡುತ್ತಿದ್ದ. ಹೆಂಡತಿ ಪರ್ಲ್ ಮಾತ್ರ ಅವನ ನೋಟಕ್ಕೆ ಹೆದರದೆ ಪುಸ್ತಕದಲ್ಲಿ ಕಣ್ಣಿಟ್ಟು ಕೂರುತ್ತಿದ್ದಳು. ನಲವತ್ತು ವರ್ಷದಲ್ಲಿ ಅವಳು ಕಲಿತ ಉಪಾಯ ಅದೊಂದೇ.

ಅಂಗಡಿಯ ಮುಂಭಾಗದಲ್ಲಿ ಉದ್ದನೆಯ ಮೇಜಿತ್ತು. ಬೆಳಗ್ಗೆ ಒಂಬತ್ತೂವರೆಗೆ ಹೊಲ ಬಿಟ್ಟುಕೊಟ್ಟ ಮುದುಕರು ಆರೇಳು ಜನ ಅಲ್ಲಿ ಕಾಫಿಗೆ ಸೇರುತ್ತಿದ್ದರು. ಊರಲ್ಲಿ ಯಾರು ಏನು ಎಡವಿದರೂ ಆ ಮೇಜಿನ ಮೇಲೆ ಅದಕ್ಕೆ ಒಂದು ವಾರದ ಬಾಳಿಕೆ. ಹ್ಯಾರಿ ಪ್ರಿಸ್ಟೈ ಅವರ ಮುಂದಾಳು. ನೆಸ್ಟರ್ ಒಳಗೆ ಕೆಲಸ ಮಾಡುತ್ತಲೇ ಅವರಿಗೆ ಮಾತಿನ ಮೇವು ಹಾಕುತ್ತಿದ್ದ.

ಒಂದು ಅಕ್ಟೋಬರಿನಲ್ಲಿ ಶಾಲೆಯ ಮೇಷ್ಟ್ರು ಲಾರೆನ್ಸ್ ಬೆಟ್ಕರ್ ತನ್ನ ರೈಫಲಿನ ಮ್ಯಾಗಜೀನ್ ಹಿಡಿದುಕೊಂಡು ಬಂದ. ರಿವೆಟ್ಟಿನ ತಲೆ ಹೊರಗೆ ಉಬ್ಬಿಕೊಂಡು ಅಂದಗೆಡಿಸಿತ್ತೆಂದು ಅವನು ಅರ ಹಾಕಿ ಸಮ ಮಾಡಿದ್ದ. ತಲೆ ಹೋದ ರಿವೆಟ್ ನಾಲ್ಕು ದಿನಕ್ಕೆ ಕಳಚಿ ಬಿದ್ದಿತ್ತು.

"ಚೆಂದ ಕಾಣ್ಲಿ ಅಂತ ಉಜ್ಜಿದ್ಯಾ?" ನೆಸ್ಟರ್ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ನೋಡ್ರಪ್ಪಾ, ಮೇಷ್ಟ್ರು ಮದುವೆಗೆ ರೆಡಿ ಮಾಡಿದಾರೆ. ಲೋ ಲಾರೆನ್ಸ್, ಇದು ನಿನ್ನ ಜೇಬಲ್ಲಿ ಸಿಕ್ಕಿದ್ರೆ ಪೊಲೀಸ್ನೋನು ಚೆಂದ ನೋಡ್ತಾನಾ, ಗುಂಡು ಎಣಿಸ್ತಾನಾ?"

"ಗೊತ್ತಾಗ್ಲಿಲ್ಲ ನೆಸ್ಟರ್. ಇನ್ನೊಂದು ಹಾಕಿಕೊಡಿ."

"ಗೊತ್ತಾಗ್ಲಿಲ್ವಂತೆ! ಮಕ್ಕಳಿಗೆ ಓದೋದು ಕಲಿಸ್ತಾನೆ, ಇವನಿಗೆ ಒಂದು ರಿವೆಟ್ ಓದೋಕೆ ಬರಲ್ಲ. ಉಜ್ಜೋಕೆ ಅಷ್ಟು ಆಸೆ ಇದ್ರೆ ಮನೇಲಿ ಪಾತ್ರೆ ಇಲ್ವೇನೋ?"

ಮೇಜಿನ ಸುತ್ತ ನಗೆ ಎದ್ದಿತು. ಮೇಷ್ಟ್ರು ಕಿವಿ ಕೆಂಪಾಗಿಸಿಕೊಂಡು ಹೊಸ ರಿವೆಟ್ ಬೀಳುವವರೆಗೆ ನಿಂತಿದ್ದ. ಆಮೇಲೆ ಆ ಅಂಗಡಿಗೆ ಕಾಲಿಡಲಿಲ್ಲ. "ಪಾತ್ರೆ ಮೇಷ್ಟ್ರು" ಎಂಬ ಹೆಸರು ಮಾತ್ರ ಅವನ ಹಿಂದೆಯೇ ಶಾಲೆಯ ತನಕ ಹೋಯಿತು.

ಅದೇ ವಾರ ಪರ್ಲಳ ತಮ್ಮ ವಿಲ್ಲಿ ಸಾವ್ಚಿನ್ ಬಂದ. ವಿಲ್ಲಿ ಊರಾಚೆ ಎಂಬತ್ತು ಕುರಿ ಸಾಕಿಕೊಂಡು ಒಬ್ಬನೇ ಇದ್ದ. ಮದುವೆಯಾಗಿರಲಿಲ್ಲ. ಹುಲ್ಲು ಕಟ್ಟುವ ಯಂತ್ರ ಅವನ ಎಡಗೈಯ ಮೂರು ಬೆರಳು ನುಂಗಿತ್ತು. ಉಳಿದದ್ದು ಹೆಬ್ಬೆರಳು ಮತ್ತು ತೋರುಬೆರಳು. ಚಳಿಗಾಲದಲ್ಲಿ ಕಾಯೋಟಿಗಳು ಕಾಡಿನಿಂದ ಇಳಿದು ಬರುತ್ತವೆ. ನರಿಗಿಂತ ದೊಡ್ಡವು, ತೋಳಕ್ಕಿಂತ ಸಣ್ಣವು, ಎರಡಕ್ಕಿಂತಲೂ ಧೈರ್ಯದವು. ಮೂರು ನಾಲ್ಕು ಒಟ್ಟಿಗೆ ಬಂದರೆ ಐದು ಗುಂಡು ಮುಗಿಯಲು ಎಷ್ಟು ಹೊತ್ತು? ಬೇರೆಯವರು ಕಣ್ಣು ಮಿಟುಕಿಸುವುದರೊಳಗೆ ಖಾಲಿ ಮ್ಯಾಗಜೀನ್ ತೆಗೆದು ತುಂಬಿದ್ದನ್ನು ಸಿಕ್ಕಿಸುತ್ತಾರೆ. ವಿಲ್ಲಿ ಕೈಗವಸು ಕಳಚಿ, ಎರಡು ಬೆರಳಲ್ಲಿ ತಡಕಾಡಿ ಸಿಕ್ಕಿಸುವಷ್ಟರಲ್ಲಿ ಒಂದು ಕುರಿ ನೆಲದ ಮೇಲಿರುತ್ತಿತ್ತು.

ಅದಕ್ಕೆ ದಾರಿ ತೋರಿಸಿದವನು ನೆಸ್ಟರನೇ. ಕಾನೂನನ್ನು ಅವನು ಸ್ತೋತ್ರದ ಹಾಗೆ ಬಾಯಿಪಾಠ ಮಾಡಿದ್ದ. ಮ್ಯಾಗಜೀನ್ ಯಾವ ಕೋವಿಯೊಳಗೆ ಇದೆ ಎಂಬುದನ್ನಲ್ಲ, ಯಾವ ಕೋವಿಗಾಗಿ ಮಾಡಿದ್ದು ಎಂಬುದನ್ನು ಕಾನೂನು ಕೇಳುತ್ತದೆ. ಪಿಸ್ತೂಲಿಗೆ ಹತ್ತು ಗುಂಡಿನ ಮಿತಿ. ಒಂದು ಬಗೆಯ ಉದ್ದ ಪಿಸ್ತೂಲಿಗೆಂದೇ ಮಾಡಿದ ಹತ್ತರ ಮ್ಯಾಗಜೀನ್ ವಿಲ್ಲಿಯ ರೈಫಲಿಗೂ ಸರಿಯಾಗಿ ಕೂರುತ್ತಿತ್ತು. ಅದರ ಪಕ್ಕದಲ್ಲಿ ತೆಳುವಾಗಿ ಕೊರೆದ ಒಂದೇ ಪದ: ಪಿಸ್ತೂಲ್. ಆ ಪದ ಇರುವ ತನಕ ಹತ್ತು ನ್ಯಾಯ. ಪದ ಇಲ್ಲದಿದ್ದರೆ ಅದೇ ತಗಡು ಅಪರಾಧ.

"ಈ ಅಕ್ಷರಾನೇ ನಿನ್ನ ಲೈಸೆನ್ಸು ಅಂದ್ಕೋ," ಎಂದು ಆಗ ನೆಸ್ಟರ್ ಹೇಳಿದ್ದ. "ನಿನ್ನ ಮೂರು ಬೆರಳಿನ ಬದಲಿಗೆ ಸರ್ಕಾರ ಐದು ಗುಂಡು ಕೊಟ್ಟಿದೆ. ಲಾಭ ನಿನಗೇ ಕಣೋ."

ವಿಲ್ಲಿ ನಕ್ಕಿದ್ದ. ಅವನು ಯಾವುದಕ್ಕೂ ನಗುತ್ತಿದ್ದ.

ಈಗ ಆ ಮ್ಯಾಗಜೀನಿಗೆ ತುಕ್ಕು ಹಿಡಿದಿತ್ತು. ವಸಂತದಲ್ಲಿ ಕೆಸರು ಗುಂಡಿಗೆ ಬಿದ್ದದ್ದನ್ನು ಎತ್ತಿ ಕೊಟ್ಟಿಗೆಯ ಕಿಟಕಿಯಲ್ಲಿ ಇಟ್ಟು ಮರೆತಿದ್ದ.

"ಹಂದಿಗೆ ಕೊಟ್ಟಿದ್ರೂ ಇದಕ್ಕಿಂತ ಚೆನ್ನಾಗಿ ಇಟ್ಕೊತಿತ್ತು," ಎಂದ ನೆಸ್ಟರ್.

"ಅದಕ್ಕೇ ನಿನ್ನ ಹತ್ರ ತಂದೆ, ಶ್ವಾಗೆರ್." ಅಕ್ಕನ ಗಂಡನನ್ನು ಅವನು ಹಾಗೆಯೇ ಕರೆಯುತ್ತಿದ್ದ, ತಾಯಿಯ ಭಾಷೆಯಲ್ಲಿ. "ನಿನ್ನ ಕೈಗೆ ಬಂದ್ರೆ ಕಬ್ಬಿಣಾನೂ ಸ್ನಾನ ಮಾಡಿ ಇಗರ್ಜಿಗೆ ಹೊರಡತ್ತೆ."

ನೆಸ್ಟರ್ ಆ ಸಂಜೆ ಅದನ್ನು ಉಜ್ಜುವ ಚಕ್ರಕ್ಕೆ ಹಿಡಿದ. ತುಕ್ಕು ಆಳಕ್ಕೆ ತಿಂದಿತ್ತು. ಚುಕ್ಕೆ ಉಳಿದರೆ ಅವನಿಗೆ ನಿದ್ದೆ ಬರುವುದಿಲ್ಲ. ಒಂದು ಚುಕ್ಕೆ ತೆಗೆಯಲು ಸುತ್ತಲಿನದನ್ನೂ ಇಳಿಸಬೇಕು, ಅದು ಇಳಿದರೆ ಮುಂದಿನದನ್ನು. ಹಾಗೆ ಇಳಿಸುತ್ತಾ ಹೋಗಿ, ಬಣ್ಣ ಏರಲೆಂದು ಬಿಸಿ ಉಪ್ಪಿನ ದ್ರಾವಣದಲ್ಲಿ ಅದ್ದಿ, ಎಣ್ಣೆ ಹಚ್ಚಿ ಬೆಳಕಿಗೆ ಹಿಡಿದಾಗ ಅದು ಕಾಗೆಯ ರೆಕ್ಕೆಯಂತೆ ನೀಲಿಗಪ್ಪಾಗಿ ಹೊಳೆಯಿತು. ಬದುಕಿನಲ್ಲಿ ತಾನು ಮಾಡಿದ ಅತಿ ನುಣುಪಾದ ಕೆಲಸ ಇದೇ ಎಂದುಕೊಂಡ. ಆಮೇಲೆ ನುಣುಪು ಯಾಕೆ ಇಷ್ಟು ಸಲೀಸಾಗಿದೆ ಎಂದು ನೋಡಿದ. ಪದ ಇರಲಿಲ್ಲ.

ಪರಿಹಾರ ಅವನ ಮುಂದೆಯೇ ಇತ್ತು. ಒಂದು ತೂತು, ಒಂದು ರಿವೆಟ್, ಹತ್ತು ನಿಮಿಷ. ಹತ್ತರ ಮ್ಯಾಗಜೀನ್ ಐದರದ್ದಾಗುತ್ತದೆ, ಕಾನೂನು ತೃಪ್ತವಾಗುತ್ತದೆ. ಇಲ್ಲವೇ ಒಂದು ಪತ್ರ ಬರೆದು ಹೊಸದನ್ನು ತರಿಸಿಕೊಟ್ಟರಾಯಿತು. ಎರಡರಲ್ಲಿ ಯಾವುದು ಮಾಡಿದರೂ ವಿಲ್ಲಿಗೆ "ನಾನು ಉಜ್ಜಿ ಅಳಿಸಿಬಿಟ್ಟೆ" ಎಂದು ಹೇಳಬೇಕು. ವಿಲ್ಲಿ ನಗುತ್ತಾನೆ, ನಕ್ಕು ಯಾರ ಹತ್ತಿರವಾದರೂ ಹೇಳುತ್ತಾನೆ, ಮರುದಿನ ಒಂಬತ್ತೂವರೆಗೆ ಅದು ಮೇಜಿನ ಮೇಲಿರುತ್ತದೆ. ಪಾತ್ರೆ ಮೇಷ್ಟ್ರು ಹೋಗಿ ಪಾತ್ರೆ ನೆಸ್ಟರ್. ಅವನು ಯೋಚಿಸಿ ನೋಡೋಣ ಎಂದು ಅದನ್ನು ಬೆಂಚಿನ ಮೇಲೆ ಬಿಟ್ಟು ಮನೆಗೆ ಹೋದ.

ಬೆಳಗ್ಗೆ ಹ್ಯಾರಿ ಅದನ್ನು ಕೈಗೆತ್ತಿಕೊಂಡು ಮೇಜಿನ ಸುತ್ತ ತಿರುಗಿಸಿದ. "ಅಬ್ಬಾ! ಇದರಲ್ಲಿ ಮುಖ ನೋಡ್ಕೊಂಡು ಗಡ್ಡ ಹೆರೀಬಹುದು ಕಣ್ರೋ. ಹುಟ್ಟಿದಾಗ್ಲೂ ಇಷ್ಟು ಚೆನ್ನಾಗಿರ್ಲಿಲ್ಲ ಇದು."

ಯಾರೂ ಪದ ಹುಡುಕಲಿಲ್ಲ. ವಿಲ್ಲಿ ಬಂದಾಗ ಹ್ಯಾರಿಯೇ ಅದನ್ನು ಅವನ ಕೈಗಿಟ್ಟ. ವಿಲ್ಲಿಯ ಹೆಬ್ಬೆರಳು ಮ್ಯಾಗಜೀನಿನ ಪಕ್ಕದ ಮೇಲೆ ಒಮ್ಮೆ ಹರಿದು, ನಿಂತು, ಮತ್ತೊಮ್ಮೆ ಹರಿಯಿತು. ಅವನು ನೆಸ್ಟರನ ಮುಖ ನೋಡಿದ.

"ಏನು, ಚುಕ್ಕೆ ಉಳಿದಿದ್ಯಾ?" ಎಂದು ನೆಸ್ಟರ್ ಗಡಸಾಗಿ ಕೇಳಿದ.

"ಇಲ್ಲ ಇಲ್ಲ. ತುಂಬಾ ಚೆನ್ನಾಗಾಗಿದೆ, ಶ್ವಾಗೆರ್."

ಭಾನುವಾರ ಪೂಜೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳುತ್ತೇನೆ ಎಂದು ನೆಸ್ಟರ್ ನಿಶ್ಚಯಿಸಿದ. ಆ ಭಾನುವಾರ ವಿಲ್ಲಿಯ ಜೊತೆ ಬೇರೆಯವರಿದ್ದರು. ಮುಂದಿನ ಭಾನುವಾರ ಹಿಮ ಬಿದ್ದು ವಿಲ್ಲಿ ಬರಲಿಲ್ಲ. ಅದರ ಮುಂದಿನ ಭಾನುವಾರ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಬೇಕಾಗಿತ್ತು.

ಜನವರಿಯಲ್ಲಿ ವಿಲ್ಲಿ ಬೇಲಿಯ ಹತ್ತಿರ ಎರಡು ಕಾಯೋಟಿ ಹೊಡೆದು ಟ್ರಕ್ಕಿಗೆ ಹಾಕುತ್ತಿದ್ದಾಗ ಅರಣ್ಯಾಧಿಕಾರಿಯೊಬ್ಬ ಗಾಡಿ ನಿಲ್ಲಿಸಿದ. ಹೊಸಬ, ಸಭ್ಯ. ಎಲ್ಲ ಕಾಗದ ನೋಡಿದ, ಸರಿಯಾಗಿತ್ತು. ಮ್ಯಾಗಜೀನ್ ಬಿಚ್ಚಿ ಗುಂಡು ಎಣಿಸಿದ. ಎಂಟು ಉಳಿದಿದ್ದವು.

"ಇದು ಪಿಸ್ತೂಲಿಂದು, ಸಾರ್," ಎಂದ ವಿಲ್ಲಿ.

"ಎಲ್ಲಿದೆ ಬರೆದಿರೋದು?"

ಅಧಿಕಾರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ರೈಫಲನ್ನೂ ಮ್ಯಾಗಜೀನನ್ನೂ ಚೀಲಕ್ಕೆ ಹಾಕಿಕೊಂಡು ರಸೀದಿ ಬರೆದುಕೊಟ್ಟ.

ಸುದ್ದಿ ತಂದವಳು ಪರ್ಲ್. ಕೋಟು ಕೂಡ ಕಳಚದೆ ಅಂಗಡಿಯಲ್ಲಿ ನಿಂತು ಕೇಳಿದಳು: "ಅದರ ಮೇಲೆ ಅಕ್ಷರ ಇತ್ತಲ್ವಾ? ನೀವೇ ತಾನೆ ತೋರಿಸಿದ್ದು?"

"ಇತ್ತು."

"ಹಾಗಾದ್ರೆ ಎಲ್ಲಿ ಹೋಯ್ತು?"

"ನಿನ್ನ ತಮ್ಮನ್ನ ಕೇಳು. ಕಿಟಕೀಲಿ ಬಿಸಾಕಿದ್ದೋನು ಅವನು."

ಪರ್ಲ್ ಅಲ್ಲಿಂದ ಹೊರಟುಹೋದಳು. ವಿಲ್ಲಿಯನ್ನೂ ಕೇಳಿದಳಂತೆ. ಅವನು, ಹೋಗಿರಬೇಕು ಬಿಡಕ್ಕಾ, ಎಂದನಂತೆ.

ಪಾಸ್ಕ ಹಬ್ಬಕ್ಕೆ ಮುಂಚೆ ಊರೆಲ್ಲ ಪಾಪನಿವೇದನೆಗೆ ಸಾಲು ನಿಂತಿತು. ನೆಸ್ಟರ್ ಎಲ್ಲರಿಗಿಂತ ಮೊದಲು ಮಂಡಿಯೂರಿದ. ಕೋಪ ಮಾಡಿಕೊಂಡೆ ಎಂದ. ಉಪವಾಸದ ಶುಕ್ರವಾರ ಮಾಂಸ ತಿಂದೆ ಎಂದ. ಪಾದ್ರಿ ಇನ್ನೇನಾದರೂ ಇದೆಯೇ ಎಂದು ಕೇಳಿದರು. ಅಷ್ಟೇ ಎಂದ. ಕ್ಷಮೆ ಸಿಕ್ಕಿತು. ಕೇಳಿದ್ದಕ್ಕೆ ಸಿಗುವುದು ಕೇಳಿದಷ್ಟೇ. ಅದು ಹಾಡುಗಾರ ನೆಸ್ಟರನಿಗೆ ಗೊತ್ತಿರದ ಸಂಗತಿಯಲ್ಲ.

ಮೇ ತಿಂಗಳಲ್ಲಿ ಪಕ್ಕದ ಪೇಟೆಯ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ವಿಲ್ಲಿಯ ಪರ ಸರಕಾರವೇ ಕೊಟ್ಟ ಒಬ್ಬ ಚಿಕ್ಕ ವಯಸ್ಸಿನ ವಕೀಲೆ. ಕೋವಿ ಬಲ್ಲವರೊಬ್ಬರು ಮಾತಾಡಿದರೆ ಸಾಕು, ಬಿಟ್ಟುಬಿಡುತ್ತಾರೆ ಎಂದು ಅವಳೇ ನೆಸ್ಟರನನ್ನು ಸಾಕ್ಷಿಗೆ ಕರೆಸಿದಳು. ಕಾಫಿ ಮೇಜಿನವರು ಹಿಂದಿನ ಬೆಂಚಿನಲ್ಲಿ ಸಾಲಾಗಿ ಕೂತಿದ್ದರು. ನೆಸ್ಟರ್ ಸುವಾರ್ತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ.

"ಇಂಥಾ ಮ್ಯಾಗಜೀನಿನ ಮೇಲೆ ಪದ ಇರುತ್ತಾ, ಹಾಲಿಕ್ ಅವರೇ?"

"ಇರತ್ತೆ."

"ಇದು ತುಂಬಾ ತಿಂಗಳು ತುಕ್ಕು ಹಿಡಿದು ಬಿದ್ದಿತ್ತಂತೆ. ತುಕ್ಕಿಂದ ಆ ಪದ ಅಳಿಸಿ ಹೋಗಿರಬಹುದು ಅಲ್ವಾ?"

ಹೌದು ಎಂದರೆ ಮುಗಿಯಿತು. ವಕೀಲೆ ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದಳು. ಆದರೆ ಪ್ರಶ್ನೆ ಉಕ್ಕಿನದ್ದಾಗಿತ್ತು, ಹಿಂದೆ ಹ್ಯಾರಿ ಕೂತಿದ್ದ. ಉಕ್ಕಿನ ವಿಷಯದಲ್ಲಿ ತಪ್ಪು ಹೇಳುವುದು ನೆಸ್ಟರನ ನಾಲಿಗೆಗೆ ಬರಲಿಲ್ಲ.

"ತುಕ್ಕು ಹೀಗೆ ತಿನ್ನಲ್ಲಮ್ಮಾ," ಎಂದ. "ತುಕ್ಕು ತಿಂದಿದ್ರೆ ಗುಳಿ ಬೀಳತ್ತೆ. ಇದು ಸಮ ಇದೆ. ಯಾರೋ ಚಕ್ರಕ್ಕೆ ಹಿಡಿದು ಇಳಿಸಿದಾರೆ."

ವಕೀಲೆಯ ಮುಖ ಇಳಿಯಿತು. ಎದುರು ಪಕ್ಷದ ವಕೀಲ ಎದ್ದ. "ಅಂದ್ರೆ ಬೇಕಂತಲೇ ತೆಗೆದಿರೋದು?"

"ಕೈಯಿಂದ ತೆಗೆದಿರೋದು."

"ಯಾರು ಅಂತ ಗೊತ್ತಾ?"

ವಿಲ್ಲಿ ತನ್ನ ಎರಡು ಬೆರಳನ್ನು ಮಡಿಲಲ್ಲಿಟ್ಟುಕೊಂಡು ನೆಸ್ಟರನನ್ನೇ ನೋಡುತ್ತಿದ್ದ. ಬೇಡಿಕೆಯ ನೋಟವಾಗಿರಲಿಲ್ಲ. ಗಣಿತ ಬಲ್ಲವನು ಉತ್ತರ ಹೇಳುವುದನ್ನು ಕಾಯುವವನ ನೋಟ.

"ಗೊತ್ತಿಲ್ಲ," ಎಂದ ನೆಸ್ಟರ್.

ದಂಡ ಹಾಕಿದರು. ಅದು ದೊಡ್ಡದಾಗಿರಲಿಲ್ಲ. ಜೊತೆಗೆ ಐದು ವರ್ಷ ವಿಲ್ಲಿ ಕೋವಿಯನ್ನಾಗಲಿ, ಗುಂಡನ್ನಾಗಲಿ, ಮ್ಯಾಗಜೀನನ್ನಾಗಲಿ ಇಟ್ಟುಕೊಳ್ಳಕೂಡದು ಎಂದರು. ಐದು ಎಂಬ ಸಂಖ್ಯೆ ಕೇಳಿ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮರುದಿನ ಕಾಫಿಗೆ ಹ್ಯಾರಿ ಹೇಳಿದ: "ವಿಲ್ಲಿ ಅಷ್ಟು ಕಿಲಾಡಿ ಅಂತ ಗೊತ್ತೇ ಇರ್ಲಿಲ್ಲ ಮಾರಾಯ. ನಿನ್ನ ಕೈಗೆ ಕೊಡೋಕೆ ಮುಂಚೆನೇ ಅಳಿಸಿಟ್ಟಿದ್ದ ಅಂತ ಕಾಣತ್ತೆ. ಎರಡೇ ಬೆರಳಲ್ಲಿ ಚಕ್ರಕ್ಕೆ ಹೇಗೆ ಹಿಡಿದನೋ!"

ನೆಸ್ಟರ್ ತಲೆ ಎತ್ತಲಿಲ್ಲ. "ಐದು ಸಾಲ್ಲಿಲ್ಲ ಅವನಿಗೆ," ಎಂದ. "ಹತ್ತು ಬೇಕಾಗಿತ್ತು."

ಎಲ್ಲರೂ ನಕ್ಕರು. ಆ ನಗೆ ತನ್ನ ಮೇಲೆ ಬೀಳದೆ ಪಕ್ಕದಲ್ಲಿ ಹಾದುಹೋದದ್ದು ಅವನಿಗೆ ಹಿತವಾಯಿತು. ಆ ಹಿತವನ್ನು ಅವನು ಸಾಯುವವರೆಗೂ ಮರೆಯಲಿಲ್ಲ.

ಮುಂದಿನ ಚಳಿಗಾಲದಲ್ಲಿ ಕಾಯೋಟಿಗಳಿಗೆ ವಿಲ್ಲಿಯ ಹೊಲ ಅಭ್ಯಾಸವಾಯಿತು. ಕೋವಿಯ ಸದ್ದಿಲ್ಲದ ಜಾಗವನ್ನು ಅವು ಬೇಗ ಪತ್ತೆ ಮಾಡುತ್ತವೆ. ನೆರೆಯವರು ಮೊದಮೊದಲು ಬಂದು ಕಾವಲು ಕೂತರು, ಆಮೇಲೆ ಅವರವರ ಕೆಲಸ ಅವರವರಿಗೆ. ನೆಸ್ಟರ್ ಎರಡು ಸಲ ಹೋದ. ಎರಡು ಸಲವೂ ವಿಲ್ಲಿ ಸೂಪು ಮಾಡಿ ಬಡಿಸಿದ. ಮೂರನೆಯ ಸಲ ನೆಸ್ಟರ್ ಹೋಗಲಿಲ್ಲ. ಎಂಬತ್ತು ಕುರಿ ಐವತ್ತಾದವು. ಕ್ರಿಸ್ಮಸ್ ಕಳೆಯುವಷ್ಟರಲ್ಲಿ ವಿಲ್ಲಿ ಉಳಿದವನ್ನೂ ಲಾರಿಗೆ ಹತ್ತಿಸಿ ಕಳಿಸಿದ. ಉಳಿದದ್ದು ಬುರ್ಕೊ ಎಂಬ ಮುದಿ ಕಾವಲು ನಾಯಿ. ಕಾಯಲು ಏನೂ ಇಲ್ಲದಿದ್ದರೂ ಅದು ದಿನಾ ಬೇಲಿ ಸುತ್ತುತ್ತಿತ್ತು.

ಫೆಬ್ರವರಿಯ ಒಂದು ಬೆಳಗ್ಗೆ ವಿಲ್ಲಿಯ ಟ್ರಕ್ಕು ನೆಸ್ಟರನ ಮನೆಯ ಹಿತ್ತಿಲಿಗೆ ಬಂತು. ಪರ್ಲ್ ಇಗರ್ಜಿಯ ಅಡುಗೆಮನೆಗೆ ಹೋಗಿದ್ದಳು. ಟ್ರಕ್ಕಿನ ಹಿಂದೆ ಕಂಬಳಿಯ ಮೇಲೆ ಬುರ್ಕೊ ಮಲಗಿತ್ತು. ಕಾಯೋಟಿಗಳು ಹೊಟ್ಟೆ ಸೀಳಿದ್ದವು, ಕಣ್ಣು ತೆರೆದಿತ್ತು. ಬಾಲ ಒಂದು ಸಲ ಅಲ್ಲಾಡಿತು.

"ದನದ ಡಾಕ್ಟ್ರು ಪೇಟೇಲಿ ಇಲ್ಲ," ಎಂದ ವಿಲ್ಲಿ. "ನನ್ನ ಹತ್ರ ಕೋವಿ ಇಲ್ಲ. ನೀನೇ ಮಾಡ್ಬೇಕು, ಶ್ವಾಗೆರ್."

ನೆಸ್ಟರ್ ಒಳಗಿಂದ ತನ್ನ ರೈಫಲ್ ತಂದ. ಮ್ಯಾಗಜೀನಿಗೆ ಒಂದು ಗುಂಡು ಹಾಕಬೇಕಾದವನು, ಕೈಗೆ ಅಭ್ಯಾಸವಾದ ಹಾಗೆ ಐದನ್ನೂ ಒತ್ತಿದ. ಆರನೆಯದನ್ನು ಒತ್ತಿ ನೋಡಲು ಹೆಬ್ಬೆರಳು ತಾನಾಗಿ ಹೋಯಿತು. ವಿಲ್ಲಿ ಅದನ್ನೇ ನೋಡುತ್ತಿದ್ದ.

"ನನಗೂ ಹಾಗೇನೇ," ಎಂದ. "ಹೆಬ್ಬೆರಳಿಗೇ ಎಲ್ಲಾ ಗೊತ್ತು. ಕತ್ತಲಾದ್ರೂ, ಕೈ ಮರಗಟ್ಟಿದ್ರೂ, ಆ ಅಕ್ಷರ ತಡವಿ ನೋಡಿ ಮುಂದೆ ಯಾವುದು, ಹಿಂದೆ ಯಾವುದು ಅಂತ ತಿಳ್ಕೊಂಡು ಸಿಕ್ಕಿಸ್ತಿದ್ದೆ. ಅವತ್ತು ಅಂಗಡೀಲಿ ಹ್ಯಾರಿ ಕೊಟ್ಟ ತಕ್ಷಣ ಗೊತ್ತಾಯ್ತು, ಇಲ್ಲ ಅಂತ."

ನೆಸ್ಟರನ ಕೈ ನಿಂತುಹೋಯಿತು. "ಗೊತ್ತಿತ್ತಾ? ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ? ಯಾಕೆ ಅದನ್ನ ಇಟ್ಕೊಂಡು ತಿರುಗಿದೆ?"

"ನೀನು ತೆಗೆದಿದ್ದಲ್ವಾ," ಎಂದ ವಿಲ್ಲಿ, ಇದರಲ್ಲಿ ಕೇಳುವುದೇನಿದೆ ಎಂಬ ಹಾಗೆ. "ಕಾನೂನು ಗೊತ್ತಿರೋನು ನೀನು. ತೆಗೀಬಹುದು ಅಂತ ಇರ್ಬೇಕು, ಅದಕ್ಕೇ ತೆಗೆದಿದಾನೆ ಅಂದ್ಕೊಂಡೆ. ಕೋರ್ಟಲ್ಲೂ ಅದನ್ನೇ ಕಾಯ್ತಿದ್ದೆ, ನೀನು ಹೇಳ್ತೀಯ ಅಂತ. ಆಮೇಲೆ ಗೊತ್ತಾಯ್ತು ಬಿಡು."

ಬುರ್ಕೊ ನರಳಿತು. ವಿಲ್ಲಿ ಅದರ ತಲೆ ಸವರಿ ಹಿಂದೆ ಸರಿದ. ಕೋವಿಯಿಂದ ಆರು ಹೆಜ್ಜೆ ದೂರ ನಿಂತು, ಮುಟ್ಟುವುದಿಲ್ಲ ಎಂದು ತೋರಿಸುವವನ ಹಾಗೆ ಎರಡೂ ಕೈ ಜೇಬಿಗೆ ಹಾಕಿಕೊಂಡ.

ನೆಸ್ಟರ್ ಗುರಿ ಹಿಡಿದ. ಮೂವತ್ತು ವರ್ಷದಲ್ಲಿ ಸಾವಿರ ಕೋವಿಗಳ ಗುರಿ ಸರಿಮಾಡಿದವನ ಗುರಿ ತಪ್ಪಿತು. ಗುಂಡು ಕಿವಿಯ ಪಕ್ಕ ಹರಿದು ನಾಯಿ ಮೈಯನ್ನೆಲ್ಲ ಎತ್ತಿ ಕೂಗಿಕೊಂಡಿತು.

"ಇನ್ನೊಂದು," ಎಂದ ವಿಲ್ಲಿ, ದನಿ ಏರಿಸದೆ. "ಐದಿದೆಯಲ್ಲ ನಿನಗೆ."

ಎರಡನೆಯದಕ್ಕೆ ಸದ್ದು ನಿಂತಿತು.

ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ್ದರಿಂದ ಹೂಳಲು ಆಗಲಿಲ್ಲ. ವಿಲ್ಲಿ ನಾಯಿಯನ್ನು ಕಂಬಳಿಯಲ್ಲಿ ಸುತ್ತಿ, ಎರಡು ಬೆರಳಿಂದಲೂ ಹಲ್ಲಿನಿಂದಲೂ ಹಗ್ಗ ಬಿಗಿದ. ನೆಸ್ಟರ್ ನೆರವಿಗೆ ಕೈ ಚಾಚಿದ. ವಿಲ್ಲಿ ಹಗ್ಗ ಬಿಟ್ಟುಕೊಡಲಿಲ್ಲ.

"ಪರ್ಲ್ ಬರ್ಲಿ," ಎಂದ ನೆಸ್ಟರ್. "ಇವತ್ತೇ ಹೇಳಿಬಿಡ್ತೀನಿ. ಪಾದ್ರಿಗೂ ಹೇಳ್ತೀನಿ, ಹ್ಯಾರಿಗೂ ಹೇಳ್ತೀನಿ."

ವಿಲ್ಲಿ ಟ್ರಕ್ಕಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟ.

"ಅಕ್ಕನಿಗೆ ಹೇಳ್ಬೇಡ."

"ನಾಯಿ ವಿಷಯಾನಾ?"

"ಎರಡೂನೂ. ಅವಳು ಇನ್ನೂ ನಿನ್ನ ಜೊತೆ ಬಾಳ್ಬೇಕಲ್ಲಪ್ಪಾ."

ಟ್ರಕ್ಕು ಹೊರಟುಹೋದ ಮೇಲೆ ನೆಸ್ಟರ್ ಮ್ಯಾಗಜೀನ್ ಬಿಚ್ಚಿ ಉಳಿದ ಗುಂಡುಗಳನ್ನು ಒಂದೊಂದಾಗಿ ಹೊರಗೆ ತಳ್ಳಿದ. ಇಗರ್ಜಿಯಿಂದ ಪರ್ಲ್ ನಡೆದು ಬರುತ್ತಿದ್ದಳು, ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ. ಹಿಮದ ಮೇಲಿನ ಕೆಂಪು ಕಂಡು ದೂರದಿಂದಲೇ, "ಏನ್ರೀ ಅದು, ಏನಾಯ್ತು?" ಎಂದು ಕೂಗಿದಳು.

"ಏನಿಲ್ಲ," ಎಂದ ನೆಸ್ಟರ್. ಬೂಟಿನಿಂದ ಹಿಮ ಎಳೆದು ಅದರ ಮೇಲೆ ಹಾಕಿದ. ಸಮವಾಗುವ ತನಕ ಉಜ್ಜಿದ.